ಪ್ರಮಾಣಪತ್ರ ಕೊಳ್ಳುವ ಮುನ್ನ

ಅಮೆರಿಕದ ಬಾಡಿಗೆದಾರರು ಮನೆಯಲ್ಲಿ ಪ್ರಾಣಿ ಇಟ್ಟುಕೊಳ್ಳಲು ಆನ್‌ಲೈನ್ ‘ನೋಂದಣಿ ಪ್ರಮಾಣಪತ್ರ’ ಒಳ್ಳೆಯದೆಂದು ಹೊಗಳುವ ಲೇಖನವೊಂದನ್ನು ಓದಿದೆ. ಅದು, ಮನಸ್ಸಿಗೆ ಆಸರೆಯಾಗುವ ಪ್ರಾಣಿಯನ್ನೂ ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ಸೇವಾ ನಾಯಿಯನ್ನೂ ಒಂದೇ ತಕ್ಕಡಿಗೆ ಹಾಕಿದೆ. ಸೇವಾ ನಾಯಿಗೆ ಅಂಗಡಿ, ಹೋಟೆಲುಗಳ ಬಾಗಿಲು ತೆರೆಸುವ 1990ರ ಅಂಗವಿಕಲರ ಕಾಯ್ದೆ, ಬರೀ ಮನಸ್ಸಿಗೆ ಆಸರೆಯಾಗಿರುವ ನನ್ನ ಬೆಕ್ಕಿಗೆ ಅನ್ವಯಿಸುವುದಿಲ್ಲ. 2021ರಿಂದ ವಿಮಾನ ಕಂಪನಿಗಳೂ ಬೆಕ್ಕನ್ನು ಬರೀ ಸಾಕುಪ್ರಾಣಿ ಎಂದೇ ಪರಿಗಣಿಸಬಹುದು. ಮನೆಯ ಮಾತು ಬೇರೆ. ವಸತಿಯಲ್ಲಿ ತಾರತಮ್ಯ ತಡೆಯುವ 1968ರ ಕಾಯ್ದೆಗೆ 1988ರಲ್ಲಿ ತಿದ್ದುಪಡಿಯಾಗಿ ಅಂಗವೈಕಲ್ಯವೂ ಸೇರಿತು. ನನ್ನಂಥವರು ನೆಚ್ಚಿಕೊಂಡಿರುವುದು ಅದನ್ನೇ.

ನಮ್ಮ ಮಾಲೀಕರು ಮೊದಲು ಬೆಕ್ಕಿಗೆಂದು ತಿಂಗಳಿಗೆ 40 ಡಾಲರ್ ಹೆಚ್ಚುವರಿ ಬಾಡಿಗೆ ಕೇಳಿದರು. ನಡುರಾತ್ರಿ ಎದೆ ಡವಗುಟ್ಟುತ್ತ ಎಚ್ಚರವಾದಾಗ ಹೊಟ್ಟೆಯ ಮೇಲೆ ಬಂದು ಕೂತು ಗುರುಗುಟ್ಟುವ ಆ ನಾಲ್ಕು ಕಿಲೋ ಭಾರ ನನಗೇನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಮೂರು ವರ್ಷದಿಂದ ನನ್ನನ್ನು ನೋಡುತ್ತಿರುವ ವೈದ್ಯೆ ನನಗೆ ಬೆಕ್ಕಿನ ಆಸರೆ ಬೇಕೆಂದು ಅರ್ಧ ಪುಟದ ಪತ್ರ ಬರೆದುಕೊಟ್ಟರು. ಕಾಯಿಲೆಯ ಹೆಸರೂ ಅದರಲ್ಲಿರಲಿಲ್ಲ. ಹೆಚ್ಚುವರಿ ಬಾಡಿಗೆ ರದ್ದಾಯಿತು. ಆದರೆ ಬೆಕ್ಕು ಪರಚಿದ ಬಾಗಿಲ ಚೌಕಟ್ಟಿನ ಖರ್ಚು ನನ್ನ ಠೇವಣಿಯಿಂದಲೇ ಹೋಯಿತು, ಅದರಲ್ಲಿ ತಕರಾರಿಲ್ಲ.

ಲೇಖಕರು ಹೊಗಳಿರುವ ಆನ್‌ಲೈನ್ ‘ನೋಂದಣಿ ಪ್ರಮಾಣಪತ್ರ’ ದುಡ್ಡು ದಂಡ. ಅಂಥ ಅಧಿಕೃತ ನೋಂದಣಿಯೇ ಇಲ್ಲ. ದುಡ್ಡು ಕೊಟ್ಟವರಿಗೆಲ್ಲ ಸಿಗುವ ಆ ಕಾಗದ ಸಾಲದೆಂದು ಅಮೆರಿಕದ ವಸತಿ ಇಲಾಖೆ, 2025ರಲ್ಲಿ ಹಿಂತೆಗೆದುಕೊಂಡ ತನ್ನ 2020ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಇನ್ನೊಂದು ವಿಷಯ ಲೇಖನದಲ್ಲಿ ಬಿಟ್ಟುಹೋಗಿದೆ: ಮಾಲೀಕರೇ ವಾಸವಿರುವ, ನಾಲ್ಕು ಮನೆಗಳಿಗೆ ಮೀರದ ಕಟ್ಟಡಕ್ಕೆ ಈ ಕೇಂದ್ರ ಕಾಯ್ದೆಯಿಂದ ಸಾಮಾನ್ಯವಾಗಿ ವಿನಾಯಿತಿ ಇದೆ. ಅಂಥಲ್ಲಿ ಮನೆ ಹುಡುಕುವವರು ಆಯಾ ರಾಜ್ಯದ ಕಾನೂನನ್ನೂ ನೋಡಿಕೊಳ್ಳಬೇಕು.