ಕಗ್ಗಂಟಿನ ಯಕ್ಷಿ

ಸಿಹಿ ಅಂಗಡಿಯ ಪೊಟ್ಟಣ ಮನೆಗೆ ಬಂದರೆ ನಮ್ಮಲ್ಲಿ ಎರಡು ಪಂಥಗಳು ಎದ್ದು ನಿಲ್ಲುತ್ತವೆ. ನನ್ನದು ಕತ್ತರಿ ಪಂಥ, ಅಜ್ಜಿಯದು ಉಗುರಿನ ಪಂಥ. ಮೈಸೂರುಪಾಕು ಕಲ್ಲಾದರೂ ಸರಿಯೇ, ಗಂಟನ್ನು ಉಗುರಿನಿಂದ ಸಡಿಲಿಸಿ, ದಾರವನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿಟ್ಟ ಮೇಲೆಯೇ ಅವಳು ಪೊಟ್ಟಣ ಬಿಚ್ಚುವುದು.

ಗಂಟೆಂದರೆ ನಮ್ಮ ಭಾಷೆಗೂ ಅಷ್ಟಕ್ಕಷ್ಟೇ. ಬಗೆಹರಿಯದ ವಿಷಯ ಕಗ್ಗಂಟು, ಸಿಟ್ಟಾದರೆ ಮುಖ ಗಂಟು, ಊರು ಬಿಡುವಾಗ ಗಂಟುಮೂಟೆ. ಮದುವೆಯ ಮೂರು ಗಂಟಿಗೆ ಮಾತ್ರ ಮರ್ಯಾದೆ. ಅದು ಎಷ್ಟು ದಿನವೆಂಬುದನ್ನು ಆಯಾ ಗಂಡಹೆಂಡಿರೇ ಹೇಳಬೇಕು.

ಆದರೆ ಅಜ್ಜಿಯ ಹಳೆಯ ಅಡುಗೆಮನೆಯ ತೊಲೆಗೆ ಒಂದು ನೆಲುವು ತೂಗುತ್ತಿತ್ತು. ಬೆಕ್ಕಿಗೆ ಎಟುಕದಂತೆ ಬೆಣ್ಣೆಯ ಗಡಿಗೆ ಇಡಲು. ಹಗ್ಗ ಮತ್ತು ಗಂಟು, ಇಷ್ಟೇ ಅದರ ಬಂಡವಾಳ. ಗಡಿಗೆ ಇಳಿಸಿದರೆ ಬಡಕಲಾಗಿ ಜೋಲುತ್ತಿತ್ತು, ಇಟ್ಟರೆ ಬಸುರಿಯಂತೆ ಹೊಟ್ಟೆ ಮುಂದೆ ಮಾಡಿಕೊಳ್ಳುತ್ತಿತ್ತು.

ಮೃಣಾಲಿನಿ ಮುಖರ್ಜಿಯವರ ಶಿಲ್ಪಗಳ ಚಿತ್ರ ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ನೆಲುವೇ. ಇವರು ಹುಟ್ಟಿದ್ದು 1949ರಲ್ಲಿ, ಮುಂಬಯಿಯಲ್ಲಿ. ತಂದೆ ಬಿನೋದ್ ಬಿಹಾರಿ ಮುಖರ್ಜಿ, ತಾಯಿ ಲೀಲಾ ಇಬ್ಬರೂ ಕಲಾವಿದರು. ಬರೋಡದಲ್ಲಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತ ಇವರು 1970ರ ದಶಕದ ಆರಂಭದಲ್ಲಿ ಹಿಡಿದದ್ದು ಸೆಣಬಿನ ಹಗ್ಗವನ್ನು. ಮಗ್ಗವಿಲ್ಲ, ಮೊದಲೇ ಬರೆದುಕೊಂಡ ನಕ್ಷೆಯೂ ಇಲ್ಲ. ಬಣ್ಣ ಹಾಕಿದ ಹಗ್ಗವನ್ನು ಕೈಯಿಂದಲೇ ಗಂಟಿನ ಮೇಲೆ ಗಂಟು ಹಾಕುತ್ತ ಹೋಗುವುದು, ಆಕಾರ ತಾನಾಗಿ ಬೆಳೆಯುವುದು. ಒಂದೊಂದಕ್ಕೂ ತಿಂಗಳುಗಟ್ಟಲೆ ದುಡಿಮೆ. ನಾನಾದರೋ ಒಂದು ಗಂಟಿಗೆ ಎರಡು ನಿಮಿಷ ಕೊಡಲಾರದೆ ಕತ್ತರಿ ಹುಡುಕುವವನು!

1984ರ ‘ಯಕ್ಷಿ’ಯನ್ನು ನೋಡಬೇಕು. ಹೂವಿನ ಎಸಳೋ, ದೇಹದ ಮಡಿಕೆಯೋ, ಗರ್ಭಗುಡಿಯ ಕತ್ತಲಿನಿಂದ ಎದ್ದು ಬಂದ ದೇವತೆಯೋ ಎಂದು ಕಣ್ಣು ತಡವರಿಸುತ್ತದೆ. ಪೂಜೆಗೆ ಕೂರಿಸಿದ ಮೂರ್ತಿಯಲ್ಲ, ಆದರೂ ಎದುರಿಗೆ ಕಾಲು ಚಾಚಿ ಕೂರಲು ಧೈರ್ಯವಾಗದು.

ಇಂಥ ಕೆಲಸವನ್ನು ನೋಡಿಯೂ ‘ಇದು ಕಲೆಯೋ, ಕಸುಬೋ’ ಎಂದು ಕೇಳುವವರಿದ್ದರು. ಕಲ್ಲು ಕೆತ್ತುವವನಿಗೆ ಇಲ್ಲದ ಈ ಪ್ರಶ್ನೆ ಹಗ್ಗ ಹಿಡಿದವಳಿಗೆ ಏಕೆ? ಉಳಿಯ ಸದ್ದು ದೊಡ್ಡದು, ಗಂಟು ಸದ್ದು ಮಾಡುವುದಿಲ್ಲ ಎಂಬುದೇ ಕಾರಣವಿರಬೇಕೆಂದು ನನ್ನ ಗುಮಾನಿ. ಮುಂದೆ ಅವರು ಸೆರಾಮಿಕ್, ಕಂಚಿನಲ್ಲೂ ಕೆಲಸ ಮಾಡಿದರು. ನನಗೆ ಹಗ್ಗದವೇ ಹೆಚ್ಚು. 2015ರಲ್ಲಿ ಅವರು ತೀರಿಕೊಂಡರು. ನ್ಯೂಯಾರ್ಕಿನ ಮೆಟ್ ಬ್ರಾಯರ್ ಕಲಾ ಸಂಗ್ರಹಾಲಯದಲ್ಲಿ ಅವರ ದೊಡ್ಡ ಪ್ರದರ್ಶನ ನಡೆದದ್ದು 2019ರಲ್ಲಿ.

ಮೊನ್ನೆ ಅಜ್ಜಿಗೆ ಮೊಬೈಲಿನಲ್ಲಿ ‘ಯಕ್ಷಿ’ಯನ್ನು ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ ನೋಡಿದಳು.

“ಒಳಗೆ ಏನಿಟ್ಟಿದ್ದಾರೋ?”

“ಏನೂ ಇಲ್ಲ ಅಜ್ಜಿ. ನಿಲ್ಲಲು ಲೋಹದ ಹಂದರ, ಅಷ್ಟೇ.”

“ಬೆಣ್ಣೆಯೂ ಇಲ್ಲವೇ? ಇಷ್ಟು ಹಗ್ಗದಲ್ಲಿ ಊರಿಗೆಲ್ಲ ನೆಲುವು ಆಗುತ್ತಿತ್ತು.” ಮೊಬೈಲನ್ನು ಹಿಂದಿರುಗಿಸಲು ಕೈ ಚಾಚಿದವಳು ಮತ್ತೆ ಕಣ್ಣಿನ ಹತ್ತಿರಕ್ಕೆ ಹಿಡಿದಳು. “ಯಾರೋ ಗಟ್ಟಿಗಿತ್ತಿ. ಗಂಟು ಒಂದೂ ಜಾರಿಲ್ಲ ನೋಡು.”