ಡಂಪರ್ ಡ್ರೈವರ್‌ಗೆ ಟ್ರಿಪ್ ಲೆಕ್ಕದ ದುಡ್ಡು ಬೇಡ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಲಿನ ಸುಣ್ಣದಕಲ್ಲಿನ ಗಣಿಗಳಿಗೆ ಡ್ರೈವರ್ ಕೆಲಸ ಕೇಳಿಕೊಂಡು ಬರುವ ಹುಡುಗರ ಮೊದಲ ಪ್ರಶ್ನೆ "ಟ್ರಿಪ್ಪಿಗೆ ಎಷ್ಟು ಕೊಡ್ತಾರ್ರಿ?" ಅಂತಲೇ ಇರುತ್ತದೆ. ಗುತ್ತಿಗೆದಾರರು ಆಸೆ ತೋರಿಸುವುದೂ ಅದನ್ನೇ. ತಿಂಗಳ ಸಂಬಳ ಸಣ್ಣದು, ಮೇಲೆ ಟ್ರಿಪ್ಪಿಗಿಷ್ಟು. ಈ ಪದ್ಧತಿ ನಿಲ್ಲಬೇಕು ಅನ್ನುವುದು ನನ್ನ ವಾದ. ದಯೆ ದಾಕ್ಷಿಣ್ಯದ ಮಾತು ಬಿಡಿ, ಬರೀ ಲೆಕ್ಕ ಹಾಕಿದರೂ ಇದು ಸರಿಹೊಂದುವುದಿಲ್ಲ.

ಒಂದು ಪೊಕ್ಲೇನ್ (ಕಲ್ಲು ಬಾಚಿ ತುಂಬುವ ಯಂತ್ರ), ಐದು ಡಂಪರ್ (ಕಲ್ಲು ಹೊರುವ ಗಣಿ ಗಾಡಿ) ಇವೆ ಅನ್ನಿ. ಕಲ್ಲು ತೆಗೆಯುವ ಬೆಂಚಿನಿಂದ ಕಲ್ಲು ಪುಡಿಮಾಡುವ ಕ್ರಷರ್‌ನ ಹಾಪರ್‌ಗೆ (ಕಲ್ಲು ಸುರಿಯುವ ಬಾಯಿ) 2 ಕಿ.ಮೀ. ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಇದ್ದರೆ ಹೋಗಿ ಬರುವುದಕ್ಕೆ 12 ನಿಮಿಷ. ರಿವರ್ಸ್ ಬಂದು ನಿಂತು ಲೋಡ್ ಆಗುವುದಕ್ಕೆ 4 ನಿಮಿಷ, ಹಾಪರ್ ಹತ್ತಿರ ತಿರುಗಿಸಿ ಸುರಿಯುವುದಕ್ಕೆ 2. ಒಟ್ಟು 18 ನಿಮಿಷ. ಗಾಡಿಗೆ 4 ನಿಮಿಷದಂತೆ ಪೊಕ್ಲೇನ್ ಗಂಟೆಗೆ 15 ಗಾಡಿ ತುಂಬುತ್ತದೆ, ಅದರ ಮೇಲೆ ಒಂದೂ ಇಲ್ಲ. ಐದು ಗಾಡಿ 18 ನಿಮಿಷಕ್ಕೊಮ್ಮೆ ತಿರುಗಿದರೆ ಗಂಟೆಗೆ 16–17 ಸಲ ಬಂದು ನಿಲ್ಲಬೇಕು. ಅಷ್ಟನ್ನು ತುಂಬಲು ಆಗುವುದಿಲ್ಲವಾದ್ದರಿಂದ ಪ್ರತಿ ಗಾಡಿಯೂ ಪ್ರತಿ ಸುತ್ತಿಗೆ 2 ನಿಮಿಷ ಸಾಲಿನಲ್ಲಿ ಕಾಯುತ್ತದೆ. ಈಗ ಎಲ್ಲರೂ 25ರಲ್ಲಿ ಓಡಿಸಲಿ. ಓಡಾಟ 12ರಿಂದ 9.6 ನಿಮಿಷಕ್ಕೆ ಇಳಿಯುತ್ತದೆ, ಕಾಯುವುದು 2ರಿಂದ 4.4 ನಿಮಿಷಕ್ಕೆ ಏರುತ್ತದೆ. ಕ್ರಷರ್‌ಗೆ ಬೀಳುವುದು ಅದೇ 15 ಗಾಡಿ ಕಲ್ಲು. ಆದರೆ 25ರಲ್ಲಿ ಓಡುವ ಗಾಡಿಯನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ 20ರಲ್ಲಿದ್ದಾಗಿನ ಒಂದೂವರೆ ಪಟ್ಟಿಗಿಂತ ಹೆಚ್ಚು. ಇಂಥಲ್ಲಿ ಒಬ್ಬ ಡ್ರೈವರ್‌ಗೆ ಎರಡು ಟ್ರಿಪ್ ಹೆಚ್ಚಾಯಿತು ಅಂದರೆ ಅವನು ಸಾಲು ಮುರಿದು ಇನ್ನೊಬ್ಬನ ಟ್ರಿಪ್ ತೆಗೆದುಕೊಂಡ ಅಂತಲೇ ಅರ್ಥ.

ಗಾಡಿ ಕಡಿಮೆ ಇದ್ದು ಪೊಕ್ಲೇನೇ ಸುಮ್ಮನೆ ನಿಂತಿರುವ ಗಣಿಗಳೂ ಇವೆ, ನಿಜ. ಅಲ್ಲಿಯೂ ಆಕ್ಸಿಲರೇಟರ್ ಒತ್ತುವುದಕ್ಕಿಂತ ರಸ್ತೆಗೆ ಗ್ರೇಡರ್ (ನೆಲ ಸಮ ಮಾಡುವ ಯಂತ್ರ) ಹೊಡೆಸುವುದು ಲಾಭ. ಗಟ್ಟಿ, ಸಮ ಹಾಲ್ ರೋಡಿನಲ್ಲಿ (ಗಣಿಯೊಳಗೆ ಕಲ್ಲು ಸಾಗಿಸುವ ರಸ್ತೆ) ಚಕ್ರಕ್ಕೆ ಎದುರಾಗುವ ತಡೆ ಗಾಡಿಯ ತೂಕದ ಶೇ. 2ರಷ್ಟು; ಕುಸಿದ, ಮೆತ್ತಗಿನ ರಸ್ತೆಯಲ್ಲಿ ಶೇ. 5 ದಾಟುತ್ತದೆ. ಆ ಶೇ. 3ರ ವ್ಯತ್ಯಾಸ ಅಂದರೆ ಇಡೀ ರಸ್ತೆಗೆ ಶೇ. 3ರಷ್ಟು ಏರು ಸೇರಿಸಿದಂತೆ. ಡೀಸೆಲ್ ಅಲ್ಲಿ ಸುರಿದುಹೋಗುತ್ತಿರುತ್ತದೆ, ಬೈಗುಳ ಮಾತ್ರ ಡ್ರೈವರ್‌ಗೆ.

"ಹೆವಿ ಲೈಸೆನ್ಸ್ ಅದಲ್ರಿ, ಮತ್ತೇನ್ ಕಲೀಬೇಕು?" ಅನ್ನುವವರಿಗೂ ಒಂದು ಮಾತು. ಲಾರಿ ಬೇರೆ, ಡಂಪರ್ ಬೇರೆ. 55–60 ಟನ್ ದರ್ಜೆಯ ಡಂಪರ್ ಖಾಲಿ ಇದ್ದಾಗಲೇ 40 ಟನ್ ಮೇಲೆ, ತುಂಬಿದರೆ ನೂರು ಟನ್ ಹತ್ತಿರ. ಟೈರ್ ಒಂದೇ ಸುಮಾರು ಏಳು ಅಡಿ ಎತ್ತರ. ಕ್ಯಾಬಿನ್ ಎಡಗಡೆ ಇರುವುದರಿಂದ ಬಲಭಾಗದಲ್ಲಿ ಒಂದು ಜೀಪು ಪೂರ್ತಿ ಮರೆಯಾಗುವಷ್ಟು ಜಾಗ ಕಣ್ಣಿಗೆ ಬೀಳುವುದೇ ಇಲ್ಲ. ಗಣಿಯೊಳಗಿನ ಜೀಪು, ಬೊಲೆರೊಗಳ ಮೇಲೆ ಉದ್ದ ಕೋಲಿಗೆ ಕೆಂಪು ಬಾವುಟ ಕಟ್ಟುವುದು ಇದಕ್ಕೇ. 1966ರ ಗಣಿ ವೃತ್ತಿ ತರಬೇತಿ ನಿಯಮಗಳು, ಸೇರುವಾಗಿನ ವೈದ್ಯಕೀಯ ತಪಾಸಣೆ, ಐದು ವರ್ಷಕ್ಕೊಮ್ಮೆ ಮರುತಪಾಸಣೆ ಎಲ್ಲ ಬಂದದ್ದಕ್ಕೂ ಕಾರಣ ಇದೆ. ತರಬೇತಿ ಸರ್ಟಿಫಿಕೇಟನ್ನು ಸಹಿ ಹಾಕಿ ಒಯ್ಯುವ ಕಾಗದ ಅಂದುಕೊಂಡವರು ಮೊದಲ ರ‍್ಯಾಂಪಿನಲ್ಲೇ ಗೊತ್ತಾಗುತ್ತಾರೆ.

ಟ್ರಿಪ್ ಲೆಕ್ಕ ಮೊದಲು ಕಡಿಯುವುದು ಗಾಡಿ ಚಾಲೂ ಮಾಡುವ ಮುಂಚಿನ ತಪಾಸಣೆಯನ್ನು. ಸರಿಯಾಗಿ ಸುತ್ತುಹಾಕಿ ನೋಡಿದರೆ 15 ನಿಮಿಷ ಬೇಕು. ಸಮ ನೆಲ, ಬಾಡಿ (ಕಲ್ಲು ತುಂಬುವ ತೊಟ್ಟಿ) ಇಳಿದಿರಬೇಕು, ಚಕ್ರಕ್ಕೆ ಅಡ್ಡಗಟ್ಟೆ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್, ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ನೀರು, ಹೈಡ್ರಾಲಿಕ್ ಟ್ಯಾಂಕಿನ ಗಾಜು. ಏರ್ ಟ್ಯಾಂಕಿನ ಡ್ರೇನ್ ತೆಗೆದು ನೀರು ಹೊರಬಿಡಬೇಕು; ಆ ನೀರು ವಾಲ್ವ್‌ಗೆ ಹೋದರೆ ತುಕ್ಕು ಹಿಡಿದು ಬ್ರೇಕ್ ತಡವಾಗಿ ಹಿಡಿಯುತ್ತದೆ. ವೀಲ್ ನಟ್‌ಗಳನ್ನು ಬರೀ ನೋಡಿದರೆ ಸಾಲದು, ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲಾಗಿದೆ. ಸಸ್ಪೆನ್ಷನ್ ಸಿಲಿಂಡರ್‌ಗಳಲ್ಲಿ ನೈಟ್ರೋಜನ್ ಮತ್ತು ಆಯಿಲ್ ಇರುತ್ತದೆ, ಹೊಳೆಯುವ ರಾಡ್ ಎಡಕ್ಕೂ ಬಲಕ್ಕೂ ಒಂದೇ ಎತ್ತರ ಕಾಣಬೇಕು. ಒಂದು ಕಡೆ ಕುಳಿತಿದ್ದರೆ ಗ್ಯಾಸ್ ಹೋಗಿದೆ, ಆ ಗಾಡಿ ಲೋಡ್ ಹೊತ್ತು ತಿರುವಿನಲ್ಲಿ ಆ ಕಡೆಗೇ ವಾಲುತ್ತದೆ. ಹಿಂದಿನ ಜೋಡಿ ಟೈರ್ ನಡುವೆ ಕಲ್ಲು ಸಿಕ್ಕಿದೆಯೇ, ಅದನ್ನು ಹೊರತಳ್ಳಲು ಇಳಿಬಿಟ್ಟ ಕಂಬಿ ನೆಟ್ಟಗಿದೆಯೇ ನೋಡಬೇಕು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಪಕ್ಕದ ಹೈಡ್ರಾಲಿಕ್ ಹೋಸ್ ಉಜ್ಜಿ ಸವೆದಿದ್ದರೆ ಅವತ್ತು ಗಾಡಿ ಕದಲಬಾರದು; ಹೋಸ್ ಒಡೆದು ಆಯಿಲ್ ಬಿಸಿ ಟರ್ಬೊ ಮೇಲೆ ಚಿಮ್ಮಿತೋ, ಬೆಂಕಿಗೆ ಬೇರೇನೂ ಬೇಕಿಲ್ಲ. ಆಮೇಲೆ ರಿವರ್ಸ್ ಅಲಾರಂ, ಕನ್ನಡಿ, ಬೆಂಕಿ ನಂದಿಸುವ ಸಿಲಿಂಡರ್, ಸೀಟ್ ಬೆಲ್ಟ್. ಹತ್ತುವಾಗ, ಇಳಿಯುವಾಗ ಮುಖ ಗಾಡಿಯ ಕಡೆಗಿರಬೇಕು, ಎರಡು ಕೈ ಎರಡು ಕಾಲಿನಲ್ಲಿ ಮೂರು ಸದಾ ಹಿಡಿತದಲ್ಲಿರಬೇಕು. ಏಣಿಯಿಂದ ಜಿಗಿದು ಕಾಲು ಮುರಿದುಕೊಂಡವರು ಎಲ್ಲ ಗಣಿಗಳಲ್ಲೂ ಸಿಗುತ್ತಾರೆ. ಕೊನೆಗೆ ಬ್ರೇಕ್ ಟೆಸ್ಟ್: ಬ್ರೇಕ್ ಒತ್ತಿ ಹಿಡಿದು, ಮ್ಯಾನುಯಲ್ ಹೇಳಿದ ಗೇರಿನಲ್ಲಿ ಹೇಳಿದಷ್ಟು ಆರ್‌ಪಿಎಂ ಏರಿಸಿದಾಗ ಗಾಡಿ ಅಲುಗಾಡಬಾರದು.

ಈ 15 ನಿಮಿಷಕ್ಕೆ ಟ್ರಿಪ್ ಲೆಕ್ಕದಲ್ಲಿ ಒಂದು ಪೈಸೆ ಇಲ್ಲ. ಹಾಗಾಗಿ ಹಾಳೆ ಮೇಲೆ ಟಿಕ್ ಬೀಳುತ್ತದೆ, ಗಾಡಿ ಸುತ್ತ ಯಾರೂ ತಿರುಗುವುದಿಲ್ಲ.

ಲೋಡಿಂಗ್ ವಿಷಯಕ್ಕೆ ಬಂದರೆ ನಮ್ಮ ಕಡೆಯ ಕಲ್ಲಿನ ಗುಣ ಗೊತ್ತಿರಬೇಕು. ಇಲ್ಲಿನ ಸುಣ್ಣದಕಲ್ಲು ಪದರ ಪದರವಾಗಿ ಕೂತಿದೆ. ಮನೆಗೆ ಹಾಸುವ ಶಹಾಬಾದ್ ಕಲ್ಲು ಸೀಳಿ ಬರುವುದೂ ಅದೇ ಗುಣದಿಂದ. ಬ್ಲಾಸ್ಟ್ ಆದಾಗ ಉಂಡೆಯಾಗಿ ಒಡೆಯುವ ಬದಲು ಚಪ್ಪಡಿ ಚಪ್ಪಡಿಯಾಗಿ, ಅಂಚು ಚೂಪಾಗಿ ಒಡೆಯುತ್ತದೆ. ಮೊದಲ ಬಕೆಟ್ ಸಣ್ಣ ಮಾಲು ಹಾಕಿಸಿಕೊಳ್ಳಬೇಕು. ಖಾಲಿ ಬಾಡಿಗೆ ದೊಡ್ಡ ಚಪ್ಪಡಿ ಬಿದ್ದರೆ ಆ ಪೆಟ್ಟು ನೇರ ಡ್ರೈವರ್‌ನ ಸೊಂಟಕ್ಕೆ. ಚಪ್ಪಡಿ ರಾಶಿಯ ತುದಿಯಲ್ಲಿ ಕೂತರೆ ರ‍್ಯಾಂಪ್ ಏರುವಾಗ ಜಾರಿ ಹಿಂದಕ್ಕೆ ಬೀಳುತ್ತದೆ, ಹಿಂಬದಿ ಗಾಡಿಯ ಟೈರ್ ಅದರ ಮೇಲೆ ಹತ್ತಿ ಸೈಡ್‌ವಾಲ್ ಕುಯ್ದುಕೊಳ್ಳುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಕೆಟ್ಟದ್ದು, ಒದ್ದೆ ರಬ್ಬರನ್ನು ಕಲ್ಲು ಬೇಗ ಕೊಯ್ಯುತ್ತದೆ. ಓವರ್‌ಲೋಡಿಗೆ ತಯಾರಕರದೇ ಒಂದು ಅಳತೆ ಇದೆ: ಸರಾಸರಿ ಲೋಡ್ ನಿಗದಿಯಷ್ಟೇ ಇರಬೇಕು, ಶೇ. 10 ಮೀರಿದ ಲೋಡುಗಳು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿರಬಾರದು, ಶೇ. 20 ಮೀರಿದ್ದು ಒಂದೂ ಓಡಬಾರದು. "ಇನ್ನೊಂದು ಬಕೆಟ್ ಹಾಕ್ರಿ ಕಾಕಾ" ಅನ್ನುವ ಡ್ರೈವರ್‌ಗೂ ಹಾಕುವ ಆಪರೇಟರ್‌ಗೂ ಇದು ಗೊತ್ತಿರಬೇಕು.

ರ‍್ಯಾಂಪ್. ಹಾಲ್ ರೋಡಿನ ಇಳಿಜಾರು ಸಾಮಾನ್ಯವಾಗಿ 16ಕ್ಕೆ 1 (16 ಮೀಟರ್ ಉದ್ದಕ್ಕೆ 1 ಮೀಟರ್ ಏರು), ಚಿಕ್ಕ ರ‍್ಯಾಂಪ್ ಆದರೆ 10ಕ್ಕೆ 1 ಮೀರಬಾರದು. ಏರುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ನಡುವೆ ಒದ್ದಾಡಿದರೆ, ಎಂಜಿನ್ ಶಕ್ತಿಯನ್ನು ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನ ಆಯಿಲ್ ಕಾದು ಗೇಜಿನ ಮುಳ್ಳು ಕೆಂಪಿಗೆ ಹೋಗುತ್ತದೆ. ನಮ್ಮ ಗಣಿಗಳು ಬಯಲಲ್ಲಿ ಕೆಳಕ್ಕೆ ತೋಡಿದವು, ಆದ್ದರಿಂದ ಲೋಡ್ ಗಾಡಿ ಏರುತ್ತದೆ, ಖಾಲಿ ಗಾಡಿ ಇಳಿಯುತ್ತದೆ. ಖಾಲಿ ಅಲ್ಲವೇ ಅಂತ ನ್ಯೂಟ್ರಲ್ ಮಾಡುವ ಚಟ ಇಲ್ಲಿಂದಲೇ ಬರುವುದು. ನ್ಯೂಟ್ರಲ್‌ನಲ್ಲಿ ಎಂಜಿನ್ ತಡೆಯುವುದಿಲ್ಲ, ಪೂರ್ತಿ ಭಾರ ಬ್ರೇಕ್ ಮೇಲೆ. ಅಷ್ಟರಲ್ಲಿ ಎಂಜಿನ್ ಆರಿತು ಅನ್ನಿ, ಸ್ಟಿಯರಿಂಗ್ ಪಂಪೂ ನಿಲ್ಲುತ್ತದೆ. ತುರ್ತು ವ್ಯವಸ್ಥೆಯಲ್ಲಿ ಉಳಿದಿರುವುದು ಗಾಡಿಯನ್ನು ಪಕ್ಕದ ಬರ್ಮ್‌ಗೆ (ಅಂಚಿನ ಮಣ್ಣಿನ ದಿಬ್ಬ) ತಾಗಿಸಿ ನಿಲ್ಲಿಸುವಷ್ಟು ತಿರುವು ಮಾತ್ರ. ರಿಟಾರ್ಡರ್ (ಇಳಿಜಾರಿನಲ್ಲಿ ವೇಗ ಹಿಡಿದಿಡುವ ವ್ಯವಸ್ಥೆ) ಹಾಕಿ, ಸರಿಯಾದ ಗೇರಿನಲ್ಲಿ ಇಳಿಯುವುದು ಬಿಟ್ಟರೆ ಬೇರೆ ದಾರಿ ಇಲ್ಲ. ರಿಟಾರ್ಡರ್ ಇಲ್ಲದ ಟಿಪ್ಪರ್ ಆದರೆ ಲೋಡ್ ಹೊತ್ತು ಏರುವ ಗೇರಿನಲ್ಲೇ ಇಳಿಯಬೇಕು. ಡ್ರಮ್ ಬ್ರೇಕ್ ಒತ್ತಿ ಒತ್ತಿ ಇಳಿದರೆ ಲೈನರ್ ಕಾದು, ಪೆಡಲ್ ಒತ್ತಿದ್ದರೂ ಹಿಡಿತ ಇರುವುದಿಲ್ಲ.

ಇನ್ನು ನೀರಿನ ಟ್ಯಾಂಕರ್. ಧೂಳು ಅಡಗಿಸಲು ನೀರು ಬೇಕೇ ಬೇಕು. ಆದರೆ ಸುಣ್ಣದಕಲ್ಲಿನ ಧೂಳಿಗೆ ಎರೆಮಣ್ಣು ಸೇರಿ, ಮೇಲೆ ನೀರು ಸುರಿದರೆ ರಸ್ತೆ ಅಂಬಲಿಯಂತಾಗುತ್ತದೆ. ರ‍್ಯಾಂಪಿನಲ್ಲಿ ಉದ್ದಕ್ಕೂ ಹೊಡೆಯದೆ, ಒಂದಷ್ಟು ಜಾಗ ಒದ್ದೆ ಒಂದಷ್ಟು ಒಣ ಬಿಟ್ಟು ಹೊಡೆದರೆ ಟೈರ್‌ಗೆ ಹಿಡಿತ ಸಿಗುತ್ತದೆ. ಟ್ಯಾಂಕರ್ ಡ್ರೈವರ್‌ಗೆ ಇದನ್ನು ಹೇಳಿಕೊಡುವವರು ಕಡಿಮೆ.

ಎರೆಮಣ್ಣಿನ ನಿಜವಾದ ಆಟ ಇರುವುದು ಡಂಪ್ ಯಾರ್ಡಿನಲ್ಲಿ. ಕಲ್ಲಿನ ಮೇಲಿನ ಮಣ್ಣು ತೆಗೆದು ಸುರಿಯುವ ಜಾಗ ಅದು. ಮೇಲೆ ಒಣಗಿ ಗಟ್ಟಿ ಕಾಣುತ್ತದೆ, ಒಳಗೆ ಹಸಿ. ಅಂಚಿನಲ್ಲಿ ಬರ್ಮ್ ಟೈರಿನ ಅರ್ಧ ಎತ್ತರಕ್ಕಾದರೂ ಇರಬೇಕು, ಅಂದರೆ ಈ ಗಾಡಿಗೆ ಒಂದು ಮೀಟರ್ ಮೇಲೆ. ಆದರೂ ಬರ್ಮ್ ಇರುವುದು ಅಂಚು ತೋರಿಸಲಿಕ್ಕೆ, ಚಕ್ರ ಆನಿಸಿ ಗಾಡಿ ನಿಲ್ಲಿಸಲಿಕ್ಕಲ್ಲ. ಅಂಚಿನ ಹತ್ತಿರ ಬಿರುಕು ಕಂಡರೆ, ಮಳೆ ಬಂದಿದ್ದರೆ ಅಂಚಿಗೆ ಹೋಗಲೇಬೇಡಿ. ದೂರದಲ್ಲೇ ಸುರಿದರೆ ಡೋಜರ್ ತಳ್ಳುತ್ತದೆ. ಹಿಂದಕ್ಕೆ ಹೋಗುವಾಗ ಅಂಚಿಗೆ ನೆಟ್ಟಗೆ ಹೋಗಬೇಕು. ಓರೆಯಾಗಿ ಹೋದರೆ ಒಂದು ಹಿಂಚಕ್ರ ಮೊದಲು ಮೆತ್ತನೆ ನೆಲ ಮುಟ್ಟುತ್ತದೆ, ಬಾಡಿ ಎತ್ತಿದಾಗ ಭಾರವೆಲ್ಲ ಆ ಚಕ್ರಕ್ಕೇ.

ಹಸಿ ಎರೆಮಣ್ಣು ಬಾಡಿಗೆ ಅಂಟುವುದು ಇನ್ನೊಂದು ಅಪಾಯ. ಅರ್ಧ ಮಾಲು ಬಿದ್ದು ಇನ್ನರ್ಧ ಒಂದೇ ಪಕ್ಕಕ್ಕೆ ಅಂಟಿದರೆ, ಎತ್ತಿದ ಬಾಡಿಯ ತುದಿಯಲ್ಲಿ ಟನ್‌ಗಟ್ಟಲೆ ತೂಕ ಒಂದು ಕಡೆ ನೇತಾಡುತ್ತದೆ. ಮುಂದಕ್ಕೆ ಜಗ್ಗಿ ತಟ್ಟನೆ ಬ್ರೇಕ್ ಹಾಕಿ ಉದುರಿಸುವುದನ್ನು ಜಾಣತನ ಅಂದುಕೊಂಡಿದ್ದಾರೆ ಬಹಳ ಜನ. ಬಾಡಿ ಎತ್ತುವ ಹೋಯ್ಸ್ಟಿನ ಪಿನ್ ಮುರಿಯುವುದು, ಗಾಡಿ ಪಕ್ಕಕ್ಕೆ ಮಲಗುವುದು ಹೀಗೇ. ಬಾಡಿ ನಿಧಾನ ಇಳಿಸಿ, ಪೊಕ್ಲೇನ್ ಹತ್ತಿರ ತಂದು ಬಕೆಟ್‌ನಿಂದ ಕೆರೆಸಬೇಕು. ಹತ್ತು ನಿಮಿಷದ ಕೆಲಸ. ಟ್ರಿಪ್ ಲೆಕ್ಕದಲ್ಲಿ ಆ ಹತ್ತು ನಿಮಿಷ ಡ್ರೈವರ್‌ನ ಜೇಬಿನದು, ಅದಕ್ಕೇ ಜಗ್ಗುತ್ತಾನೆ. ಬಾಡಿ ಪೂರ್ತಿ ಇಳಿಸದೆ ಹೊರಡುವುದೂ ಇದೇ ಅವಸರದ ಮಗು. ಮೇಲೆ ಕರೆಂಟಿನ ತಂತಿ ಇದ್ದರೆ ಮುಗಿಯಿತು. ತಂತಿ ತಗುಲಿದ ಗಾಡಿಯ ಟೈರ್ ಒಳಗೊಳಗೇ ಸುಟ್ಟು ಗಂಟೆಗಳ ಮೇಲೆ ಸಿಡಿಯಬಹುದು. ತಂತಿಯ ಕರೆಂಟ್ ತೆಗೆಸಿದ ಮೇಲೂ ಒಂದು ದಿನ ಪೂರ್ತಿ ಯಾರನ್ನೂ ಹತ್ತಿರ ಬಿಡಬಾರದು.

ಟೈರ್ ಬಗ್ಗೆ ಇನ್ನೆರಡು ಮಾತು. ಕಲಬುರಗಿಯ ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿಗೆ ಓಡಿದ ಟೈರಿನಲ್ಲಿ ಒತ್ತಡ ಏರುವುದು ಸಹಜ. "ಗಾಳಿ ಜಾಸ್ತಿ ಆಗ್ಯಾದ" ಅಂತ ಬಿಸಿ ಟೈರಿನಿಂದ ಗಾಳಿ ತೆಗೆಯಬೇಡಿ; ತಣ್ಣಗಾದ ಮೇಲೆ ಅದು ಕಡಿಮೆಯಾಗಿ, ಮರುದಿನ ಟೈರ್ ಹೆಚ್ಚು ಬಾಗಿ ಇನ್ನೂ ಹೆಚ್ಚು ಕಾಯುತ್ತದೆ. ಒತ್ತಡ ನೋಡುವುದು ಶಿಫ್ಟ್ ಶುರುವಾಗುವ ಮೊದಲು, ತಣ್ಣಗಿರುವಾಗ. ಟೈರ್ ಹಾಕಿರುವ ರಿಮ್‌ಗೆ ವೆಲ್ಡಿಂಗ್ ಮಾಡಲು ಯಾರೇ ಹೇಳಲಿ, ಎದ್ದು ದೂರ ಹೋಗಿ. ಅದು ಬಾಂಬು.

ಕ್ಯಾಬಿನ್ ಎಸಿಯನ್ನು ಐಷಾರಾಮ ಅನ್ನುವ ಸೂಪರ್‌ವೈಸರ್‌ಗಳಿದ್ದಾರೆ. ಎಸಿ ಕೆಟ್ಟರೆ ಕಿಟಕಿ ತೆರೆಯಬೇಕು, ಧೂಳೂ ಸದ್ದೂ ಒಳಗೆ ಬರುತ್ತವೆ. ಸಿ ಶಿಫ್ಟಿನಲ್ಲಿ (ರಾತ್ರಿ ಪಾಳಿ) ಬೆಳಗಿನ ಜಾವ ಮೂರರಿಂದ ಐದರ ನಡುವೆ ಕಣ್ಣು ತೂಗುವಾಗ ಹತ್ತು ನಿಮಿಷ ನಿಲ್ಲಿಸುವ ಹಕ್ಕು ಡ್ರೈವರ್‌ಗಿರಬೇಕು. ಟ್ರಿಪ್ಪಿಗೆ ದುಡ್ಡು ಇರುವಲ್ಲಿ ಯಾರೂ ನಿಲ್ಲಿಸುವುದಿಲ್ಲ. ಶಿಫ್ಟ್ ಮುಗಿಸಿ ಟರ್ಬೊ ತಣಿಯಲು ಮೂರರಿಂದ ಐದು ನಿಮಿಷ ಐಡಲ್ ಬಿಡುವುದಕ್ಕೂ ಪುರುಸೊತ್ತಿಲ್ಲ, ಕೀ ತಿರುಗಿಸಿ ಬಸ್ಸಿಗೆ ಓಡುತ್ತಾರೆ.

ಹಾಗಾದರೆ ಹೇಗೆ ಕೊಡಬೇಕು? ಶಿಫ್ಟಿಗೆ ಪೂರ್ತಿ ಸಂಬಳ, ಅದರಲ್ಲಿ ಮೊದಲ 15 ನಿಮಿಷ ತಪಾಸಣೆಗೆ. ಬೋನಸ್ ಕೊಡುವುದಿದ್ದರೆ ಇಡೀ ಶಿಫ್ಟಿನ ಗುಂಪಿಗೆ, ಪೊಕ್ಲೇನ್ ಆಪರೇಟರ್, ಗ್ರೇಡರ್, ಟ್ಯಾಂಕರ್ ಡ್ರೈವರ್ ಎಲ್ಲರನ್ನೂ ಸೇರಿಸಿ. ಅಳೆಯುವುದು ಕ್ರಷರ್‌ಗೆ ಬಿದ್ದ ಟನ್ ಮತ್ತು ಟೈರಿನ ಆಯುಷ್ಯ, ಎರಡನ್ನೂ. ಗಾಡಿ ಸರಿ ಇಲ್ಲ ಅಂತ ಡ್ರೈವರ್ ಬರೆದುಕೊಟ್ಟರೆ ಅವತ್ತಿನ ಕೂಲಿ ಕತ್ತರಿಸಬಾರದು. "ಹಂಗ ಮಾಡಿದ್ರ ಯಾರೂ ದುಡಿಯಂಗಿಲ್ಲ" ಅನ್ನುವ ಗುತ್ತಿಗೆದಾರರು ಒಂದು ವಾರ ಮಾತ್ರ ಒಂದು ಕೆಲಸ ಮಾಡಲಿ: ಈಗಿನ ಟ್ರಿಪ್ ಶೀಟಿನಲ್ಲಿ ಪ್ರತಿ ಟ್ರಿಪ್ಪಿಗೂ ಪೊಕ್ಲೇನ್ ಹತ್ತಿರ ಎಷ್ಟು ನಿಮಿಷ ಕಾದರು ಅಂತ ಬರೆಯಲು ಒಂದು ಕಾಲಂ ಸೇರಿಸಲಿ. ಆ ಕಾಲಂ ತುಂಬಿದ್ದರೆ ವೇಗಕ್ಕೆ ಕೊಡುತ್ತಿರುವ ದುಡ್ಡು ದಂಡ. ಖಾಲಿ ಇದ್ದರೆ ಇನ್ನೊಂದು ಗಾಡಿ ತರಿಸಲಿ, ಇಲ್ಲವೇ ರಸ್ತೆಗೆ ಗ್ರೇಡರ್ ಹೊಡೆಸಲಿ.