ಹೊಯಿಗೆ ದಿಬ್ಬಕ್ಕೆ ಗಾಳಿಮರ ಬೇಡ

ಜೂನ್ 5ರ ವಿಶ್ವ ಪರಿಸರ ದಿನ ಹತ್ತಿರ ಬಂತೆಂದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ವಲಿಯಪರಂಬದವರೆಗೆ ಕಡಲಕರೆಯಲ್ಲಿ ಗಾಳಿಮರ (ಕ್ಯಾಸುರಿನಾ) ನೆಡಲು ಗುಂಡಿ ತೋಡುವ ಉತ್ಸಾಹ. ‘ಜಾಗ ಹೇಗೂ ಖಾಲಿ ಬಿದ್ದಿದೆಯಲ್ಲ’ ಅನ್ನುತ್ತಾರೆ. ಖಾಲಿ ಕಾಣುವುದು ಮೇ ತಿಂಗಳಲ್ಲಿ ನೋಡಿದ್ದರಿಂದ. ಒಂದೇ ಮಳೆಗಾಲದ ಆಯುಷ್ಯದ ಗಿಡಗಳು ಆಗ ಬೀಜವಾಗಿ ಹೊಯಿಗೆಯೊಳಗೆ, ಅಂದರೆ ಮರಳಿನೊಳಗೆ, ಇರುತ್ತವೆ.

ಪಾಲಿಕಾರ್ಪಿಯಾ ಕೋರಿಂಬೋಸಾವನ್ನೇ ನೋಡಿ. ಗೇಣುದ್ದದ ಗಿಡ, ದಾರದಂಥ ಎಲೆ, ತುದಿಯಲ್ಲಿ ಬೆಳ್ಳಿ ಬಣ್ಣದ ಒಣಹೂವಿನ ಗೊಂಚಲು. ದೇಶದ ಲೆಕ್ಕದಲ್ಲಿ ಅಪರೂಪದ್ದಲ್ಲ. ನಮ್ಮಲ್ಲಿ ಕಲ್ಲಿನ ತಡೆಗೋಡೆ, ರಸ್ತೆಗಳ ನಡುವೆ ಅದಕ್ಕೆ ಬೇಕಾದ ಬಯಲು ಹೊಯಿಗೆಯೇ ಅಪರೂಪ.

ಗಾಳಿಮರದ ಕೆಡುಕು ನೆರಳಿಗೇ ಮುಗಿಯುವುದಿಲ್ಲ. ಉದುರಿದ ಕಡ್ಡಿಗಳು ಚಾಪೆ ಹಾಸಿದಂತೆ ಕೂತು, ಪುಡಿಬೀಜ ಮರಳಿಗೆ ತಾಗಲು ಬಿಡುವುದಿಲ್ಲ. ಬೇರಿನ ಗಂಟುಗಳು ನೆಲಕ್ಕೆ ಸಾರಜನಕ ಕೂಡಿಸುತ್ತವೆ. ಒಳ್ಳೆಯದೇ ಅಲ್ಲವೇ ಎಂದರೆ, ಅಲ್ಲ. ಸಾರವಿಲ್ಲದ ಮರಳಲ್ಲಿ ಬದುಕಲು ಕಲಿತ ಗಿಡವನ್ನು ಗೊಬ್ಬರ ಸಿಕ್ಕಿದ ಕಳೆ ಮುಚ್ಚಿಹಾಕುತ್ತದೆ. ಗುಂಡಿಗೆ ಗುಡ್ಡೆಯ ಕೆಂಪುಮಣ್ಣು ತುಂಬಿದರಂತೂ ಕಮ್ಯುನಿಸ್ಟ್ ಗಿಡ ಎಂಬ ಹಬ್ಬುವ ಕಳೆಯ (ಕ್ರೋಮೊಲೀನಾ) ಬೀಜ ಪುಕ್ಕಟೆ!

ಮರಳು ಹಿಡಿದು ನಿಲ್ಲಿಸಲು ಕಡಲ ಬದಿಯ ಸಾಲಿಗೆ ರಾವಣನ ಮೀಸೆ ಹುಲ್ಲು (ಸ್ಪಿನಿಫೆಕ್ಸ್), ಅಡುಂಬು ಬಳ್ಳಿ (ಐಪೋಮಿಯಾ ಪೆಸ್-ಕ್ಯಾಪ್ರೇ) ಸಾಕು. ಮಳೆ ಹಿಡಿದ ಮೇಲೆ ಅಡುಂಬಿನ 30-40 ಸೆಂ.ಮೀ. ತುಂಡನ್ನು, ಎರಡು ಮೂರು ಗಂಟು ಹೂತುಹೋಗುವಂತೆ, ತೆರೆ ತಲುಪುವ ಗೆರೆಗಿಂತ ಮೇಲೆ ಊರಿ. ಹಿಂದಿನ ಬಯಲಿಗೆ ಅದು ಹಬ್ಬಿದರೆ ಕತ್ತರಿಸಿ. ದಿಬ್ಬವನ್ನು ಜೆಸಿಬಿಯಿಂದ ಸಮ ಮಾಡುವ ಮಾತಂತೂ ಬೇಡವೇ ಬೇಡ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಮರಳು ದಿಬ್ಬ 1ಎ ವರ್ಗದಲ್ಲಿ, ಅಂದರೆ ಅತಿ ಸೂಕ್ಷ್ಮ ಪರಿಸರದ ಪಟ್ಟಿಯಲ್ಲಿ, ಇದೆ.

ಗಿಡ ಎಣಿಸುವವರು ಸೆಪ್ಟೆಂಬರ್-ನವೆಂಬರ್ ನಡುವೆ ಹೋಗಿ. ಉಬ್ಬರದ ಗೆರೆಯಿಂದ ಒಳಕ್ಕೆ ಹಗ್ಗ ಎಳೆದು, 5 ಮೀಟರಿಗೊಂದರಂತೆ 1 ಮೀಟರ್ ಚೌಕ ಇಡಿ. ಚೌಕ ಹಗ್ಗದ ಒಂದು ಮಗ್ಗುಲಲ್ಲಿರಲಿ, ನಿಮ್ಮ ಕಾಲು ಇನ್ನೊಂದು ಮಗ್ಗುಲಲ್ಲಿ. ಒಂದು ವರ್ಷ ಸೊನ್ನೆ ಬಂದ ಕೂಡಲೇ ‘ಅಳಿಯಿತು’ ಎಂದು ಬರೆದುಬಿಡಬೇಡಿ. ನಡುವೆ ಮಳೆ ಕೈಕೊಟ್ಟು ಮೊಳಕೆ ಕಮರಿರಬಹುದು.

ಮತ್ತೆ ಬಿತ್ತಲು ಪಾಲಿಕಾರ್ಪಿಯಾದ ಬೀಜ ತೆಗೆಯುವುದಾದರೆ, ಅದು ಬಲಿತಿದೆಯೇ ಎಂಬುದನ್ನು ಗೊಂಚಲಿನ ಬಣ್ಣ ನೋಡಿ ಹೇಳಲಾಗದು, ಎಳೆಯದೂ ಒಣಗಿದಂತೆಯೇ ಕಾಣುತ್ತದೆ. ಅಂಗೈಯಲ್ಲಿ ಉಜ್ಜಿ, ಪುಡಿಬೀಜ ಉದುರಬೇಕು. ಹತ್ತು ಗಿಡಕ್ಕೆ ಒಂದರಿಂದ ಮಾತ್ರ ತೆಗೆಯಿರಿ, ಕಾಗದದ ಲಕೋಟೆಯಲ್ಲಿಡಿ. ನಮ್ಮ ಸೆಕೆಗೆ ಪ್ಲಾಸ್ಟಿಕ್ಕಿನೊಳಗೆ ಬೂಸ್ಟು ಹಿಡಿಯುತ್ತದೆ. ಚೆಲ್ಲುವಾಗ ಅದೇ ದಿಬ್ಬದಲ್ಲಿ ಚೆಲ್ಲಿ, ಮೇಲೆ 2 ಮಿ.ಮೀ. ಹೊಯಿಗೆ ಸಾಕು.